ಧೂಳು ನಿಲ್ಲುವ ದಿನ

ಪೋರ್ಟ್ ಟಾಲ್ಬಟ್‌ನಲ್ಲಿ ರೈಲಿನಿಂದ ಇಳಿಯುತ್ತೀರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ನಡುವಿನ ಪಟ್ಟಿಯಲ್ಲಿ ಊರು. ಅದರ ನೆತ್ತಿಯ ಮೇಲೇ ಎಂ4 ಹೆದ್ದಾರಿ. ಕಾರುಗಳು ಊರನ್ನು ಕಣ್ಣೆತ್ತಿಯೂ ನೋಡದೆ ಸ್ವಾನ್ಸಿಯ ಕಡೆಗೆ ಓಡುತ್ತಿವೆ. ಇವತ್ತು ಸೋಮವಾರ, 2024ರ ಸೆಪ್ಟೆಂಬರ್ 30. ವೇಲ್ಸಿನ ಈ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಉಳಿದಿರುವ ಒಂದೇ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್), ನಾಲ್ಕನೇ ನಂಬರಿನದು, ಇವತ್ತು ಆರುತ್ತದೆ. ಐದನೆಯದು ಜುಲೈನಲ್ಲೇ ಆರಿತು.

ಟೈಬಾಕ್ ಕೇರಿಗೆ ಬನ್ನಿ. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಯಾವುದಾದರೂ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ: ಕಾರ್ಖಾನೆಯ ಧೂಳು. ಹರವಿದ ಬಟ್ಟೆಯ ಮೇಲೆ, ತೊಳೆದ ಕಾರಿನ ಮೇಲೆ ಕೂತ ಇದನ್ನು ಈ ಜನ ಶಪಿಸುತ್ತಲೇ ಬಂದವರು. ಶಪಿಸಿ, ಅದೇ ಕಾರ್ಖಾನೆಯ ಪಾಳಿಗೆ ಹೊರಟವರು. 2018ರ ಡಿಸೆಂಬರಿನಲ್ಲಿ ಬೀದಿ ಚಿತ್ರಕಾರ ಬ್ಯಾಂಕ್ಸಿ ಇಲ್ಲಿನ ಒಂದು ಗ್ಯಾರೇಜಿನ ಗೋಡೆಯ ಮೇಲೆ ಹುಡುಗನೊಬ್ಬನನ್ನು ಬರೆದುಹೋದ. ಹಿಮ ಬೀಳುತ್ತಿದೆಯೆಂದು ಅವನು ನಾಲಗೆ ಚಾಚಿದ್ದಾನೆ; ಮೂಲೆ ತಿರುಗಿ ನೋಡಿದರೆ ಅದು ಉರಿಯುವ ಕಸದ ತೊಟ್ಟಿಯ ಬೂದಿ. ಆ ಚಿತ್ರ ಮಾರಾಟವಾಗಿ, 2022ರಲ್ಲಿ ಊರು ಬಿಟ್ಟಿತು. ಧೂಳಿಗಿಂತ ಮೊದಲು ಧೂಳಿನ ಚಿತ್ರವೇ ಹೋಯಿತು!

ಕೇರಿ ದಾಟಿದರೆ ಕಾರ್ಖಾನೆ, ಮಾರ್ಗಮ್‌ವರೆಗೂ ಮುಗಿಯದಷ್ಟು. 1960ರ ದಶಕದಲ್ಲಿ ಸುಮಾರು 18,000 ಜನ ದುಡಿಯುತ್ತಿದ್ದ ಜಾಗ. ಈ ವರ್ಷದ ಆರಂಭದಲ್ಲಿ ಉಳಿದಿದ್ದವರು ಸುಮಾರು 4,000. ಅವರಲ್ಲೂ ಹೆಚ್ಚುಕಡಿಮೆ ಅರ್ಧ ಮಂದಿಯ ಕೆಲಸ ಹೋಗುತ್ತದೆ. ಕುಲುಮೆಗಳಿಗೆ ವಯಸ್ಸಾಗಿದೆ, ದಿನಕ್ಕೆ ಹತ್ತು ಲಕ್ಷ ಪೌಂಡ್ ನಷ್ಟ ಎನ್ನುತ್ತದೆ ಕಾರ್ಖಾನೆಯ ಒಡೆತನದ ಟಾಟಾ ಸ್ಟೀಲ್. ಅದೂ ಸುಳ್ಳಲ್ಲ. ಮುಂದೆ ಬರುವುದು ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆ. ಒಟ್ಟು 125 ಕೋಟಿ ಪೌಂಡ್ ವೆಚ್ಚ, ಅದರಲ್ಲಿ 50 ಕೋಟಿ ಸರ್ಕಾರದ್ದು. ಅದಕ್ಕೆ ಕಲ್ಲಿದ್ದಲು ಬೇಡ, ಅದಿರು ಬೇಡ, ಇಷ್ಟು ಜನರೂ ಬೇಡ.

ಪಾಳಿ ಮುಗಿಸಿದವರು ಗೇಟಿನಿಂದ ಹೊರಬರುವುದನ್ನು ನಿಂತು ನೋಡಿ. ಇಲ್ಲಿ ಅಪ್ಪ ಮಾಡಿದ ಕೆಲಸವನ್ನೇ ಮಗ ಹಿಡಿದ ಮನೆಗಳು ಎಷ್ಟೋ. ಪರಿಹಾರದ ಹಣ ಬಂದೀತು. ಇದೇ ಸಂಬಳದ ಇನ್ನೊಂದು ಕೆಲಸ ಈ ಊರಿನಲ್ಲಿ ಎಲ್ಲಿದೆ?

ಇನ್ನು ಧೂಳು ಕಡಿಮೆಯಾಗುತ್ತದೆ, ಬ್ರಿಟನ್ನಿನ ಇಂಗಾಲದ ಲೆಕ್ಕವೂ ಇಳಿಯುತ್ತದೆ. ಆದರೆ ಉಕ್ಕಿನ ಬೇಡಿಕೆ ಆರುವುದಿಲ್ಲವಲ್ಲ. ಹೊಸ ಕುಲುಮೆ ಏಳುವ ತನಕ ಭಾರತದಿಂದ, ನೆದರ್‌ಲೆಂಡ್ಸ್‌ನಿಂದ ಉಕ್ಕು ಹಡಗಿನಲ್ಲಿ ಬರಲಿದೆ. ಹತ್ತು ದಿನದ ಹಿಂದಷ್ಟೇ, ಸೆಪ್ಟೆಂಬರ್ 20ರಂದು, ಇದೇ ಟಾಟಾ ಸ್ಟೀಲ್ ಒಡಿಶಾದ ಕಳಿಂಗನಗರದಲ್ಲಿ ಭಾರತದ ಅತಿ ದೊಡ್ಡ ಊದುಕುಲುಮೆಯನ್ನು ಶುರುಮಾಡಿದೆ. ಅದು ಉರಿಯುವುದೂ ಕಲ್ಲಿದ್ದಲಿನಿಂದಲೇ.