ಮಹಾರಾಜನ ಚಿತ್ರಸಂಪತ್ತು

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಸಂಜೆಯ ಗಾಳಿ ಸೇವನೆಗೆ ಹೊರಟವರು ದಕ್ಷಿಣದ ತುದಿಯವರೆಗೂ ನಡೆದರೆ, ನಾರಿಮನ್ ಪಾಯಿಂಟಿನಲ್ಲಿ ಕಡಲಿಗೆ ಮುಖಮಾಡಿ ನಿಂತ 23 ಅಂತಸ್ತಿನ ಬಿಳಿಯ ಸೌಧವೊಂದು ಎದುರಾಗುತ್ತದೆ. ಅದು 1974ರಲ್ಲಿ ಏರ್ ಇಂಡಿಯಾ ಸಂಸ್ಥೆಗಾಗಿ ಎದ್ದ ಕಟ್ಟಡ. ಅದರೆದುರು ನಿಂತಾಗ ನನಗೆ ನೆನಪಾದುದು ವಿಮಾನವಲ್ಲ. ಅದರೊಳಗೆ ಬಹುಕಾಲ ಆಶ್ರಯ ಪಡೆದಿದ್ದ ಚಿತ್ರಗಳು.

ವಿಮಾನದ ಕಂಪೆನಿಗೂ ಚಿತ್ರಕಲೆಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ಜೆ. ಆರ್. ಡಿ. ಟಾಟಾ ಅವರು ಅಧ್ಯಕ್ಷರಾಗಿದ್ದ ಕಾಲವದು. ಪರದೇಶದ ನಗರಗಳಲ್ಲಿ ಸಂಸ್ಥೆಯ ಟಿಕೆಟ್ ಕಚೇರಿಗಳು ತೆರೆಯುತ್ತಿದ್ದವು. ಸಿರಿವಂತ ರಾಷ್ಟ್ರಗಳೊಡನೆ ವಿಮಾನಗಳ ಲೆಕ್ಕದಲ್ಲಿ ಸೆಣಸುವುದು ಕಷ್ಟ; ಆದರೆ ಬಾಗಿಲು ದಾಟಿ ಬಂದವನಿಗೆ ಭಾರತವನ್ನೇ ಕಾಣಿಸಬಹುದಲ್ಲ! 1956ರಲ್ಲಿ ಬಿ. ಪ್ರಭಾ ಎಂಬ ತರುಣ ಕಲಾವಿದೆಯ ಆರು ಚಿತ್ರಗಳನ್ನು ತಲಾ 87 ರೂಪಾಯಿ ಎಂಟಾಣೆಗೆ ಕೊಂಡರು. ಮುಂದೆ ಹುಸೇನ್, ಗಾಯತೊಂಡೆ, ಆರಾ ಮೊದಲಾದವರ ಕೃತಿಗಳೂ ಬಂದು ಸೇರಿದವು. ಬಾಗಿ ನಮಸ್ಕರಿಸುವ ಮೀಸೆಯ ಮಹಾರಾಜ ಸಂಸ್ಥೆಯ ನಗುಮುಖವಾದರೆ, ಈ ಚಿತ್ರಗಳು ಅದರ ಗಾಂಭೀರ್ಯವಾದವು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವುಂಟು. 1967ರಲ್ಲಿ ಸ್ಪೇನಿನ ಪ್ರಖ್ಯಾತ ಚಿತ್ರಕಾರ ಸಾಲ್ವಡಾರ್ ಡಾಲಿ ಸಂಸ್ಥೆಗಾಗಿ ಪಿಂಗಾಣಿಯ ಬೂದಿಬಟ್ಟಲೊಂದನ್ನು ರೂಪಿಸಿದನು. ಅದರ ಕಾಲಿನಲ್ಲಿರುವ ಹಂಸವನ್ನು ತಲೆಕೆಳಗು ಮಾಡಿದರೆ ಆನೆಯ ಮುಖ, ಆನೆಯನ್ನು ತಿರುಗಿಸಿದರೆ ಹಂಸ! ಸಂಭಾವನೆಯಾಗಿ ಆತ ಬೇಡಿದ್ದು ಹಣವನ್ನಲ್ಲ, ಒಂದು ಆನೆಯನ್ನು. ಬೆಂಗಳೂರಿನ ಆನೆಮರಿಯೊಂದು ಮಾವುತನೊಡನೆ ವಿಮಾನವೇರಿ ಜಿನೀವಾಕ್ಕೆ ಹೋಯಿತು. ಅಲ್ಲಿಂದ ಲಾರಿಯಲ್ಲಿ ಡಾಲಿಯ ಊರಾದ ಕಡಕೇಸಿಗೆ.

ಈ ವೈಭವದ ಹಿಂದೆ ಒಂದು ವಿಷಾದವೂ ಇದೆ. ಕಚೇರಿಯ ಗೋಡೆಗೆ ಏರಿದ ಚಿತ್ರವನ್ನು ನಿತ್ಯ ಕಾಣುವವರು ಅಲ್ಲಿನ ಗುಮಾಸ್ತರು, ಅಧಿಕಾರಿಗಳು, ಟಿಕೆಟ್ ಕೊಳ್ಳಬಲ್ಲವರು; ಅದು ಯಾರ ಸ್ವತ್ತು ಎಂಬ ಪ್ರಜ್ಞೆ ಕ್ರಮೇಣ ಮಸುಕಾಗುತ್ತದೆ. 2017ರಲ್ಲಿ, ಈ ಸಂಗ್ರಹದಲ್ಲಿದ್ದ ಜತಿನ್ ದಾಸರ ಅಪ್ಸರೆಯ ಚಿತ್ರವೊಂದು ಹೊರಗೆ ಮಾರಾಟಕ್ಕೆ ಬಂದಾಗಲೇ ಲೋಕಕ್ಕೆ ಎಚ್ಚರವಾದುದು.

2022ರ ಜನವರಿಯಲ್ಲಿ ಸಂಸ್ಥೆ ಮರಳಿ ಟಾಟಾ ಸಮೂಹದ ಕೈಸೇರಿತು. ಚಿತ್ರಗಳು ಮಾತ್ರ ಆ ಮಾರಾಟದಲ್ಲಿ ಸೇರಲಿಲ್ಲ. 2023ರಲ್ಲಿ ಸುಮಾರು 4,000 ಕೃತಿಗಳನ್ನು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಲು ಒಪ್ಪಂದವಾಯಿತು. ಕಚೇರಿಯ ಮೇಜಿನಿಂದ ತಲೆಯೆತ್ತಿದೊಡನೆ ಚಿತ್ರವನ್ನು ಕಾಣುತ್ತಿದ್ದ ಸುಖ ಇನ್ನಿಲ್ಲ, ನಿಜ. ಆದರೆ ಜನರ ಹಣದಿಂದ ಕೊಂಡುದು ಜನರ ಮನೆಗೇ ಬಂತು. ವಿಮಾನವನ್ನೇ ಹತ್ತದ ಬಡ ಬಾಲಕನೂ ಇನ್ನು ಪ್ರಭಾ ಅವರ ಹಳ್ಳಿಯ ಹೆಂಗಳೆಯರ ಮುಂದೆ ನಿಲ್ಲಬಹುದು.

ಕಡಲಗಾಳಿಯಲ್ಲಿ ಹಿಂದಿರುಗುತ್ತ, ಆ ಬಿಳಿಯ ಸೌಧವನ್ನು ಮತ್ತೊಮ್ಮೆ ನೋಡಿದೆ. ಅದು ಬರಿದಾಗಿದೆ ಎಂದು ಮರುಗುವ ಮನಸ್ಸಾಗಲಿಲ್ಲ.