ನೀರು ಯಾರು ತರುತ್ತಿದ್ದರು?

ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡಲು ಶುರುಮಾಡಿ ನನಗೆ ಇಪ್ಪತ್ತೆಂಟು ವರ್ಷವಾಯಿತು. ಮಧ್ಯಯುಗದ ಯೂರೋಪಿನ ಪಾಠ ಬಂತೆಂದರೆ ಪುಸ್ತಕ ತೆರೆಯದೆಯೇ ಹೇಳಬಲ್ಲೆ. ಮೇಲೆ ರಾಜ, ಅವನ ಕೆಳಗೆ ಸಾಮಂತರು, ಅವರ ಕೆಳಗೆ ರೈತರು, ಪಕ್ಕದಲ್ಲಿ ಎಲ್ಲರನ್ನೂ ನೋಡಿಕೊಳ್ಳುತ್ತ ಚರ್ಚು. ಕಪ್ಪು ಹಲಗೆಯ ಮೇಲೆ ಗೋಪುರದಂಥ ಚಿತ್ರ ಬರೆದು ಹೆಸರು ತುಂಬಿಸಿದರೆ ಪಾಠ ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು.

ಎರಡು ವರ್ಷದ ಹಿಂದೆ ಹೀಗೆ ಗೋಪುರ ಬರೆದು ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಾತು ಕಡಿಮೆ, ಶಾಲೆಗೆ ತಡವಾಗಿ ಬಂದು ಬಾಗಿಲ ಹೊರಗೆ ನಿಲ್ಲುವವರಲ್ಲಿ ವಾರಕ್ಕೆರಡು ಸಲ ಅವಳೂ ಒಬ್ಬಳು. “ಟೀಚರ್, ಪ್ಯಾರಿಸ್‌ನಂಥ ದೊಡ್ಡ ಊರಲ್ಲಿ ಆಗ ಮನೆಗೆ ನೀರು ಯಾರು ತರ್ತಿದ್ರು?” ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. “ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೋ” ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ.

ಅದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಬೇಸಿಗೆ ರಜೆಯಲ್ಲಿ ಮಗಳು ತಂದುಕೊಟ್ಟ ಇಂಗ್ಲಿಷ್ ಪುಸ್ತಕಗಳನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದತೊಡಗಿದೆ. ಹಪ್ಪಳ ಒಣಹಾಕಿ, ಕಾಗೆ ಓಡಿಸುತ್ತ ಓದಿದ್ದೇ ಹೆಚ್ಚು.

1300ರ ಸುಮಾರಿಗೆ ಪ್ಯಾರಿಸ್‌ನಲ್ಲಿ 2 ಲಕ್ಷದಷ್ಟು ಜನರಿದ್ದರೆಂದು ಅನೇಕ ಇತಿಹಾಸಕಾರರ ಅಂದಾಜು. ಯೂರೋಪಿನ ಅತಿ ದೊಡ್ಡ ಊರುಗಳಲ್ಲಿ ಅದೂ ಒಂದು. ಅಷ್ಟೂ ಜನ ಒಂದು ಕೋಟೆಯೊಳಗೆ ಮತ್ತು ಅದರ ಅಂಚಿನಲ್ಲಿ ಒತ್ತೊತ್ತಾಗಿ ಬದುಕಿದವರು. ಫಿಲಿಪ್ ಆಗಸ್ಟಸ್ ಎಂಬ ರಾಜ ಒಮ್ಮೆ ಅರಮನೆಯ ಕಿಟಕಿಯ ಬಳಿ ನಿಂತಿದ್ದನಂತೆ. ಕೆಳಗೆ ಗಾಡಿಗಳು ಹೋದಾಗ ಬೀದಿಯ ಕೆಸರು ಕದಡಿ ಎದ್ದ ನಾತವನ್ನು ತಾಳಲಾರದೆ, ಮುಖ್ಯ ಬೀದಿಗಳಿಗೆ ಕಲ್ಲು ಹಾಸಲು ಆಜ್ಞೆ ಮಾಡಿದನೆಂದು ಆ ಕಾಲದ ಸಂನ್ಯಾಸಿ ರಿಗೋರ್ ಬರೆದಿದ್ದಾನೆ. ಇದು 1180ರ ದಶಕದ ಮಾತು. ಒಳಗಿನ ಗಲ್ಲಿಗಳ ನಾತ ಅರಮನೆಯ ಕಿಟಕಿಗೆ ಬರುವಂಥದ್ದಲ್ಲ, ಹಾಗಾಗಿ ಅಲ್ಲಿ ಕೆಸರು ಬಹುಕಾಲ ಕೆಸರಾಗಿಯೇ ಇತ್ತು.

ಇನ್ನು ನೀರು. ಕೆಲವು ಮನೆಗಳ ಅಂಗಳದಲ್ಲಿ ಬಾವಿ ಇತ್ತು. ಸೇನ್ ನದಿಯಂತೂ ಊರ ನಡುವೆಯೇ ಹರಿಯುತ್ತಿತ್ತು. ಕುಡಿಯುವುದೂ ಅದೇ ನೀರು, ಬಟ್ಟೆ ಒಗೆಯುವುದೂ ಅದರಲ್ಲೇ. ಉತ್ತರದ ದಿಬ್ಬಗಳ ಬುಗ್ಗೆಗಳಿಂದ ಕೊಳವೆಯಲ್ಲಿ ಬಂದ ನೀರು ಕೆಲವೇ ಸಾರ್ವಜನಿಕ ಕಟ್ಟೆಗಳಲ್ಲಿ ಬೀಳುತ್ತಿತ್ತು. ಅಲ್ಲಿಂದ ಹೊತ್ತು ತಂದು ಮನೆಮನೆಗೆ ಮಾರುವುದೇ ಕಸುಬಾದವರಿದ್ದರು. ದುಡ್ಡುಳ್ಳವರ ಮನೆಗೆ ಅವರು, ಅಥವಾ ಕೆಲಸದ ಹುಡುಗಿ. ಉಳಿದವರ ಮನೆಯಲ್ಲಿ ಆಯಾ ಮನೆಯ ಹೆಂಗಸರು.

ಇದರಲ್ಲಿ ಇನ್ನೊಂದು ಸಂಗತಿಯಿದೆ. ದೊಡ್ಡ ಮನೆತನದವರು ಆ ಕೊಳವೆಗಳಿಂದಲೇ ತಮ್ಮ ಮನೆಗೆ ಬೇರೆ ಕೊಳವೆ ಎಳೆದುಕೊಂಡರು. ಬೀದಿಯ ಕಟ್ಟೆಗಳು ಒಣಗಿದವು. ಕೊನೆಗೆ 1392ರಲ್ಲಿ ಆರನೇ ಚಾರ್ಲ್ಸ್ ರಾಜ ಅಂಥ ಖಾಸಗಿ ಅನುಮತಿಗಳನ್ನು ರದ್ದು ಮಾಡಿದ. ಇದನ್ನು ಓದಿದಾಗ ಒಬ್ಬಳೇ ನಕ್ಕುಬಿಟ್ಟೆ. ನಮ್ಮ ಬಡಾವಣೆಯ ಮೋಟಾರ್ ಜಗಳಕ್ಕೆ ಆರುನೂರು ವರ್ಷದ ಹಿರಿಯಣ್ಣನೊಬ್ಬ ಇದ್ದಾನೆಂದು ನಾನೇನು ಕಂಡಿದ್ದೆ?

ಅಲ್ಲಿನ ಹೆಂಗಸರು ನೀರು ಹೊತ್ತು ಅಡುಗೆ ಮಾಡಿಕೊಂಡಷ್ಟೇ ಇದ್ದರೆಂದು ತಿಳಿಯಬೇಡಿ. 1268ರ ಸುಮಾರಿಗೆ ಎತಿಯೆನ್ ಬುವಾಲೋ ಎಂಬ ನಗರಾಧಿಕಾರಿ ಊರಿನ ನೂರರಷ್ಟು ಕಸುಬುಗಳ ಕಟ್ಟಳೆಗಳನ್ನು ಒಂದು ಪುಸ್ತಕದಲ್ಲಿ ಬರೆಸಿದ. ಸ್ನಾನದ ಮನೆಗಳವರು ಬಿಸಿನೀರು ಸಿದ್ಧವೆಂದು ಬೆಳಗಾಗುವ ಮೊದಲು ಕೂಗಬಾರದು, ಕತ್ತಲಲ್ಲಿ ಬರುವವರಿಗೆ ಅಪಾಯ ಎಂಬಂಥ ಸಣ್ಣ ವಿಷಯವೂ ಅದರಲ್ಲಿದೆ. ಆ ಕಸುಬುಗಳಲ್ಲಿ ಕೆಲವು ಪೂರಾ ಹೆಂಗಸರವು. ರೇಷ್ಮೆ ನೂಲುವವರದಂತೂ ಎರಡು ಬಣ: ದೊಡ್ಡ ಕದಿರಿನವರು, ಸಣ್ಣ ಕದಿರಿನವರು. ಕೆಲಸ ಕಲಿಯಲು ಬಂದ ಹುಡುಗಿ ಏಳೆಂಟು ವರ್ಷ ಒಡತಿಯ ಮನೆಯಲ್ಲಿ ದುಡಿಯಬೇಕಿತ್ತು.

ಹೆಂಗಸರದೇ ಸಂಘ ಎಂದು ಹಿಗ್ಗಿದೆ. ಮುಂದಿನ ಪುಟದಲ್ಲಿ ಹಿಗ್ಗು ಇಳಿಯಿತು. ಈ ನೂಲುವವರ ಮೇಲ್ವಿಚಾರಣೆಗೆ ನೇಮಕವಾದವರು ಗಂಡಸರು! ರೇಷ್ಮೆಯೂ ಇವರದಲ್ಲ, ವ್ಯಾಪಾರಿಗಳು ಕೊಟ್ಟದ್ದು. ಆ ರೇಷ್ಮೆಯನ್ನು ಅಡವಿಡಬಾರದು ಎಂದು ಕಟ್ಟಳೆ ಮಾಡಿದ್ದರು. ಯಾರೂ ಮಾಡದ ಕೆಲಸವನ್ನು ಮಾಡಬೇಡಿ ಎಂದು ಯಾರು ಬರೆಯುತ್ತಾರೆ? ಮನೆಯಲ್ಲಿ ಒಲೆ ಹತ್ತದ ದಿನ ಯಾವಳೋ ಒಬ್ಬಳು ಬೇರೆಯವರ ರೇಷ್ಮೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಾಲ ಕೊಡುವವನ ಬಾಗಿಲಿಗೆ ಹೋದದ್ದು ಆ ಒಂದು ಸಾಲಿನಲ್ಲಿ ನನಗೆ ಕಂಡಿತು. ಸೆರಗು ನನ್ನ ಕಲ್ಪನೆ, ಹಸಿವು ಕಲ್ಪನೆಯಲ್ಲ.

1322ರಲ್ಲಿ ಜಕೋಬಾ ಫೆಲಿಸಿ ಎಂಬಾಕೆಯ ಮೇಲೆ ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯರು ದಾವೆ ಹೂಡಿದರು. ಪದವಿಯಿಲ್ಲದೆ ವೈದ್ಯ ಮಾಡುತ್ತಾಳೆಂಬುದು ದೂರು. ವಿಶ್ವವಿದ್ಯಾಲಯ ಹೆಂಗಸರನ್ನು ಸೇರಿಸುತ್ತಲೇ ಇರಲಿಲ್ಲ, ಪದವಿ ಎಲ್ಲಿಂದ ಬರಬೇಕು? ಬೇರೆಯವರು ಕೈಬಿಟ್ಟ ಕಾಯಿಲೆಯನ್ನು ಈಕೆ ವಾಸಿ ಮಾಡಿದಳೆಂದು ರೋಗಿಗಳೇ ಬಂದು ಸಾಕ್ಷಿ ಹೇಳಿದರು. ಗಂಡಸಿನ ಮುಂದೆ ಹೇಳಲಾಗದ ಕಾಯಿಲೆಯನ್ನು ಹೆಣ್ಣು ಹೆಣ್ಣಿನ ಮುಂದೆ ಹೇಳಿಕೊಳ್ಳುತ್ತಾಳೆ ಎಂಬುದು ಆಕೆಯ ವಾದ. ಆದರೂ ಆಕೆ ವೈದ್ಯ ಮಾಡಕೂಡದೆಂದು ತೀರ್ಪಾಯಿತು, 60 ಲಿವ್ರ್ ದಂಡವೂ ಬಿತ್ತು.

ನನಗೆ ತೀರ ಹತ್ತಿರದವಳೆನಿಸಿದವಳು ಒಬ್ಬ ಪುಟ್ಟ ಹೆಂಡತಿ. 1393ರ ಸುಮಾರಿನಲ್ಲಿ ಪ್ಯಾರಿಸ್‌ನ ಒಬ್ಬ ಅನುಕೂಲಸ್ಥ, ತನ್ನ 15 ವರ್ಷದ ಹೆಂಡತಿಗೆ ಮನೆ ನಡೆಸುವುದನ್ನು ಕಲಿಸಲು ಒಂದು ಪುಸ್ತಕ ಬರೆದ. ‘ಮೆನಾಜಿಯೆ ದ ಪಾರಿ’ ಎಂದು ಅದನ್ನು ಕರೆಯುತ್ತಾರೆ. ಅವನಿಗೆ ಆಗಲೇ ವಯಸ್ಸಾಗಿತ್ತು. ಬೇರೆಯವರೆದುರು ನನ್ನ ತಪ್ಪು ತಿದ್ದಬೇಡಿ, ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿ ಎಂದು ಆ ಹುಡುಗಿ ಬೇಡಿಕೊಂಡಳಂತೆ. ಅದಕ್ಕೇ ಈ ಪುಸ್ತಕ. ಚಿಗಟ ಓಡಿಸುವ ಉಪಾಯಗಳು, ನೂರಾರು ಅಡುಗೆಗಳು, ಕೈತೋಟ, ಬೀದಿಯಲ್ಲಿ ನಡೆವಾಗ ಕಣ್ಣು ಎಲ್ಲಿರಬೇಕು, ಎಲ್ಲವೂ ಅದರಲ್ಲಿವೆ. ಕೆಲಸದ ಹುಡುಗಿಯರು ಮಲಗುವಾಗ ಮೇಣದಬತ್ತಿಯನ್ನು ಬಾಯಲ್ಲಿ ಊದಿ ಇಲ್ಲವೇ ಕೈಯಿಂದ ಆರಿಸಲಿ, ಒಳಅಂಗಿಯಿಂದ ಬಡಿದು ಆರಿಸದಿರಲಿ ಎನ್ನುತ್ತಾನೆ. ಅವರಿಗೆ ಕಾಯಿಲೆಯಾದರೆ ಬೇರೆ ಕೆಲಸ ಬಿಟ್ಟು ನೀನೇ ನೋಡಿಕೋ ಎಂದೂ ಹೇಳುತ್ತಾನೆ.

ಬರೆದವನನ್ನು ಮೆಚ್ಚಬೇಕೋ ಬಯ್ಯಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ತಾನು ಸತ್ತಮೇಲೆ ಅವಳು ಇನ್ನೊಬ್ಬನನ್ನು ಮದುವೆಯಾದರೆ ಆ ಮನೆಯಲ್ಲೂ ಒಳ್ಳೆಯ ಹೆಸರು ಬರಲಿ ಎಂದು ಬರೆಯುವಷ್ಟು ಅವನ ಮನಸ್ಸು ದೊಡ್ಡದು. ಆದರೆ ನೂರಾರು ಪುಟ ಅವನೇ ಮಾತಾಡುತ್ತಾನೆ. ಅವಳು ಏನೆಂದಳೆಂದು ತಿಳಿಯಬೇಕಾದರೂ ಅವನ ಬಾಯಿಂದಲೇ ಕೇಳಬೇಕು.

ಒಂದು ಮಾತ್ರ ಹೊಳೆಯಿತು. ಅವಳಿಗೆಂದೇ ಪುಸ್ತಕ ಬರೆದನೆಂದರೆ ಅವಳಿಗೆ ಓದು ಬರುತ್ತಿತ್ತು. ಅವಳಿಗೆ ಅಕ್ಷರ ತೀಡಿಸಿದವರು ಯಾರು?

ಇದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಒಂದು ಸಂಗತಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿಬಿಟ್ಟಿತು. ಆ ಊರಿನ ಚಿಕ್ಕ ಮಕ್ಕಳ ಶಾಲೆಗಳು ನೋತ್ರ್ ದಾಮ್ ಚರ್ಚಿನ ಒಬ್ಬ ಹಿರಿಯ ಅಧಿಕಾರಿಯ ಕೈಕೆಳಗಿದ್ದವು. 1380ರಲ್ಲಿ ಆತ ಉಪಾಧ್ಯಾಯರ ಸಭೆ ಕರೆದ. ಅಲ್ಲಿ ಸೇರಿದವರು 41 ಮಂದಿ ಮೇಷ್ಟ್ರುಗಳು, 21 ಮಂದಿ ಟೀಚರುಗಳು. ಇಪ್ಪತ್ತೊಂದು! ಸಾಮಾನ್ಯವಾಗಿ ಹುಡುಗರಿಗೆ ಗಂಡಸರು, ಹುಡುಗಿಯರಿಗೆ ಹೆಂಗಸರು ಕಲಿಸುತ್ತಿದ್ದರು. ನಮ್ಮ ವಲಯ ಮಟ್ಟದ ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಕೂತು, ಮಧ್ಯಾಹ್ನದ ಬಸ್ಸು ತಪ್ಪೀತೆಂದು ಗಡಿಯಾರ ನೋಡುವ ನನಗೆ, ಆ ಇಪ್ಪತ್ತೊಂದು ಜನರ ನಡುವೆ ಒಂದು ಜಾಗ ಖಾಲಿಯಿದ್ದಂತೆ ಅನಿಸಿತು. ಗೋಪುರದ ಚಿತ್ರವನ್ನು ಇಷ್ಟು ವರ್ಷ ಬರೆದೆ. ಅದರಲ್ಲಿ ನೂಲುವವಳಿಗೆ, ಜಕೋಬಾಗೆ, ಆ ಹೆಂಡತಿಗೆ ಜಾಗವಿರಲಿಲ್ಲ. ನನ್ನಂಥವಳಿಗೂ ಇರಲಿಲ್ಲ.

ಶಾಲೆ ಶುರುವಾದ ಮೇಲೆ ಆ ಹುಡುಗಿಯನ್ನು ಹುಡುಕಿಕೊಂಡು ಹತ್ತನೇ ತರಗತಿಗೆ ಹೋದೆ. ಅವಳಿರಲಿಲ್ಲ. ನಲ್ಲಿ ಬರುವ ದಿನ, ತಡವಾಗುತ್ತೆ ಎಂದರು ಗೆಳತಿಯರು. ಅವರ ಬೀದಿಗೆ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಎಂಟರ ಮೇಲೆ ನೀರು. ತಾಯಿ ಅಷ್ಟರಲ್ಲಿ ಗಾರ್ಮೆಂಟ್ ಕೆಲಸಕ್ಕೆ ಹೋಗಿರುತ್ತಾಳೆ. ವಾರಕ್ಕೆರಡು ಸಲದ ಲೆಕ್ಕ ಆಗ ತಿಳಿಯಿತು. ಒಂದು ವರ್ಷ ಪೂರಾ ನಾನು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಯಾಕೆ ತಡ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಪ್ಯಾರಿಸ್‌ನ ಬಗ್ಗೆ ಕೇಳಿದ್ದು ತಲೆಹರಟೆಯಾಗಿರಲಿಲ್ಲ.

ಮಾರನೆಯ ದಿನ ಅವಳನ್ನು ಕರೆದು ತಿಳಿದದ್ದನ್ನೆಲ್ಲ ಹೇಳಿದೆ. ಬಾವಿ, ನದಿ, ಕಟ್ಟೆ, ನೀರು ಹೊರುವವರು.

“ಹೊರೋರಿಗೆ ದುಡ್ಡು ಕೊಡ್ತಿದ್ರಾ ಟೀಚರ್?”

“ಕಸುಬಿನವರಿಗೆ ಕೊಡ್ತಿದ್ರು.”

“ಮನೆಯವರಿಗೆ?”

ಇಲ್ಲವೆಂದು ತಲೆಯಾಡಿಸಿದೆ. “ಹಾಗಾದ್ರೆ ಇಲ್ಲಿ ಥರಾನೇ” ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಈಗ ಕೆಲವು ದಿನ ನಾನು ಹಾಜರಿ ಕರೆಯುವುದು ಹತ್ತು ನಿಮಿಷ ತಡ. ಒಮ್ಮೆ ಹೆಡ್‌ಮಾಸ್ಟರು ಕಿಟಕಿಯಿಂದ ನೋಡಿ, “ಯಾಕ್ ಮೇಡಂ, ಇನ್ನೂ ಹಾಜರಿ ತಗೊಂಡಿಲ್ವಾ?” ಎಂದರು.

“ಇವತ್ತು ನೀರು ಬರೋ ದಿನ, ಸಾರ್” ಎಂದೆ.