ಬಟ್ಟೆ ನೋಡಿ ಹೇಳುತ್ತಿದ್ದ ಕಾಲ

ಬೈಲಹೊಂಗಲ ತಾಲ್ಲೂಕಿನ ಉಪಕೇಂದ್ರವೊಂದಕ್ಕೆ ನಾನು ಎಎನ್‌ಎಂ (ಹಳ್ಳಿಯ ದಾದಿ) ಆಗಿ ಬಂದಾಗ ಹೆರಿಗೆಯ ರಕ್ತಕ್ಕೆ ಅಳತೆ ಅಂತ ಏನೂ ಇರಲಿಲ್ಲ. ಸೂಲಗಿತ್ತಿ ಹಳೆ ಸೀರೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುವಳು. “ಏನೂ ಆಗಂಗಿಲ್ಲ ಬಾಯಾರ, ಕೆಟ್ಟ ರಕ್ತ ಹೋಗ್ಲಿ ಬಿಡ್ರಿ” ಎಂದರೆ ಮುಗಿಯಿತು. ನನ್ನ ಚೀಲದಲ್ಲಿ ರಕ್ತ ನಿಲ್ಲಿಸುವ ಮೆಥರ್ಜಿನ್ ಚುಚ್ಚುಮದ್ದು ಇರುತ್ತಿತ್ತು, ಆದರೆ ಅದನ್ನು ತಂಪಿನಲ್ಲಿ ಇಡಬೇಕು. ಕರೆಂಟಿನ ನೆಚ್ಚಿಕೆಯಿಲ್ಲದ ಊರಲ್ಲಿ ತಂಪು ಎಲ್ಲಿಂದ ತರೋಣ? ದೊಡ್ಡ ದವಾಖಾನೆಗೆ ಹೋಗಲು ಕಿತ್ತೂರಿನವರಿಗೆ ಹೆದ್ದಾರಿ ಇತ್ತು, ಧಾರವಾಡ ಹತ್ತಿರ. ಸವದತ್ತಿಯ ಒಳಹಳ್ಳಿಯವರು ಮೊದಲು ಡಾಂಬರು ರಸ್ತೆ ಮುಟ್ಟಬೇಕು. ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿ.ಮೀ. ಹೆತ್ತ ಮೇಲೆ ಗರ್ಭಕೋಶ ಬಿಗಿಯದೆ ಸಡಿಲ ಬಿದ್ದರೆ ಎರಡು ತಾಸಿನಲ್ಲಿ ಜೀವ ಹೋಗಬಹುದು.

ಅಳತೆ ಹುಟ್ಟಿದ್ದೂ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ, ಹೆರಿಗೆಯ ರಕ್ತಸ್ರಾವ ತಡೆಯುವ ಮಾತ್ರೆಯೊಂದರ ಬಗ್ಗೆ 1620 ಹೆಣ್ಣುಮಕ್ಕಳ ಅಧ್ಯಯನ ನಡೆಸಿದರು. ಮಾತ್ರೆ ಕೊಟ್ಟವರು ಎಎನ್‌ಎಂಗಳೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಅರ್ಧದಷ್ಟು ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಬಾಣಂತಿಯ ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಗೆರೆ ಹಾಕಿದ ಚೀಲ. ರಕ್ತ ಎಷ್ಟೆಂದು ಗೆರೆಯೇ ಹೇಳುತ್ತಿತ್ತು. ಅತಿಯಾಗಿ ರಕ್ತ ಹೋದವರು ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಇದ್ದರೆ, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4 ಮಾತ್ರ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಿಜ್ ಬೇಡ, ಸೂಜಿ ಬೇಡ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಜಗತ್ತಿಗೆ ಕೊಟ್ಟದ್ದು ಸಣ್ಣದಲ್ಲ. ಇಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅಷ್ಟರಲ್ಲಿ ಮನೆಹೆರಿಗೆಯೇ ಬಹುಮಟ್ಟಿಗೆ ಹೋಯಿತು. ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆ ಬಂದಳು, 2008ರಲ್ಲಿ 108 ಆಂಬುಲೆನ್ಸ್ ಗಾಡಿ ಬಂತು. ಹಿಂದೆಯೇ ಸಿಜೇರಿಯನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ ಸುಮಾರು 31 ಹೆರಿಗೆ ಶಸ್ತ್ರಕ್ರಿಯೆಯವು.

ಬದಲಾಗದ್ದು ಬಾಣಂತಿ ಕೋಣೆ. ಹೊಲಿಗೆ ಬಿಚ್ಚಿಸಿಕೊಂಡು ತವರಿಗೆ ಬಂದವಳ ರಕ್ತವನ್ನು ಇವತ್ತಿಗೂ ನೋಡುವುದು ತಾಯಿಯ ಕಣ್ಣೇ. ನನಗೆ ಗೊತ್ತಿದ್ದ ಮನೆಯೊಂದರಲ್ಲಿ ತೊಟ್ಟಿಲು ಹಾಕುವ ದಿನ ಬಾಣಂತಿ ಗೋಡೆ ಹಿಡಿದು ನಿಂತಿದ್ದಳು, ತುಟಿ ಬಿಳಿಚಿತ್ತು. “ಹೊಟ್ಟಿ ಕೊಯ್ದಾರಲ್ಲ, ಹೋಗೂದರೀ” ಎಂದರು ಅವರವ್ವ, ಅಂಟಿನುಂಡಿ ಕಟ್ಟುತ್ತ. ತಿಳಿಯಾಗಿದ್ದ ರಕ್ತ ಮತ್ತೆ ಕೆಂಪಾಗಿ ನಾಲ್ಕು ದಿನವಾಗಿತ್ತು, ಮೈ ಸುಡುತ್ತಿತ್ತು. ಗರ್ಭಕೋಶಕ್ಕೆ ನಂಜಾಗಿತ್ತು. ಆ ಹೊತ್ತಿಗೆ ದವಾಖಾನೆ ಸೇರಿಸಿದ್ದರಿಂದ ಉಳಿದಳು.

ಸಿಜೇರಿಯನ್ ಆದರೂ ಆರು ವಾರದವರೆಗೆ ಸ್ವಲ್ಪಸ್ವಲ್ಪ ಹೋಗುವುದು ಸಹಜ, ಆದರೆ ದಿನದಿಂದ ದಿನಕ್ಕೆ ಕಡಿಮೆಯಾಗಿ ಬಣ್ಣ ತಿಳಿಯಾಗಬೇಕು. ತಾಸಿಗೊಂದು ಪ್ಯಾಡು ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ, ವಾಸನೆ ಬಂದರೆ, ಜ್ವರವೋ ತಲೆಸುತ್ತೋ ಬಂದರೆ ಮಾಸಿನ ತುಂಡು ಒಳಗೇ ಉಳಿದಿರಬಹುದು, ನಂಜಾಗಿರಬಹುದು, ಅಪರೂಪಕ್ಕೆ ಒಳಗಿನ ಹೊಲಿಗೆಯೇ ಬಿಟ್ಟಿರಬಹುದು. ಅವ್ವಂದಿರೇ, ಕಷಾಯ ಆಮೇಲೆ ಕಾಸಿರಿ, ಮೊದಲು 108ಕ್ಕೆ ಫೋನ್ ಮಾಡಿರಿ.